ಭುವನಾಳ ಫೋನಿನಲ್ಲಿ ಇದ್ದದ್ದು

ನಾನು ನಿಂತಿದ್ದದ್ದು ಶಾಲೆಯ ಜಗಲಿಯ ಮೂರನೆಯ ಮೆಟ್ಟಿಲ ಮೇಲೆ, ಪೂರ್ವಕ್ಕೆ ಮುಖ ಮಾಡಿ. ಸಿರುಮುಗೈಯ ಹತ್ತಿರ, ಭವಾನಿ ಹೊಳೆಗೆ ಹೆಚ್ಚು ದೂರವಲ್ಲದ ಶಾಲೆ ಅದು, ಹೆಸರು ಬೇಡ. ಬುಧವಾರ. ನನ್ನ ಕೈಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ಎರಡನೆಯ ವರ್ಷ. ನನ್ನ ಎಡಕ್ಕೆ ಮುಖ್ಯೋಪಾಧ್ಯಾಯಿನಿ ಸರೋಜಾ ಟೀಚರ್. ಬಲಕ್ಕೆ ಒಂದು ಮೇಜು, ಮೇಜಿನ ಮೇಲೆ ನೀಲಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಇಟ್ಟ ಫೋನುಗಳು. ಮೇಜಿನ ಹಿಂದೆ ಕಂಪ್ಯೂಟರ್ ಪಾಠ ಹೇಳುವ ಪ್ರಭು ಎಂಬ ತರುಣ. ಅಂಗಳದಲ್ಲಿ ತಂದೆತಾಯಿಯರು, ಅವರ ಹಿಂದೆ ಆರು, ಏಳನೆಯ ತರಗತಿಯ ಮಕ್ಕಳು.

ಆ ಕಾರ್ಯಕ್ರಮ ನನ್ನದೇ ಯೋಜನೆ. ಮಕ್ಕಳು ಫೋನಿಗೆ ಅಂಟಿಕೊಂಡಿದ್ದಾರೆ ಎಂದು ದೂರು ಕೊಟ್ಟ ಮನೆಯವರು ಒಪ್ಪಿದರೆ, ಮನೆಯ ಫೋನನ್ನು ತಂದು ಕೊಡಬೇಕು. ಪ್ರಭು ಅದನ್ನು ರೀಸೆಟ್ ಮಾಡಿ, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ಮಾಡಿ, ಪಾಠಕ್ಕೆ ಬೇಕಾದ್ದನ್ನು ಮಾತ್ರ ಹಾಕಿ ಬೀಗ ಇಟ್ಟು ಕೊಡುತ್ತಾನೆ. ಕಳೆದ ವಾರದ ಸಭೆಯಲ್ಲಿ ನಾನು ತಂದೆತಾಯಿಯರಿಗೆ ಒಂದು ಮಾತು ಹೇಳಿದ್ದೆ. ಅದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಫೋನ್ ತೆಗೆದುಕೊಳ್ಳುವಾಗ ಮಗು ಅತ್ತರೆ ಹೆದರಬೇಡಿ. ಆ ಅಳುವೇ ಕಾಯಿಲೆಯ ಗುರುತು. ಎಷ್ಟು ಜೋರಾಗಿ ಅಳುತ್ತದೋ ಅಷ್ಟು ಬೇಗ ತೆಗೆಯಬೇಕು ಎಂದು ತಿಳಿಯಿರಿ."

ಏಳನೆಯವನಾಗಿ ಬಂದವನು ರಾಮಲಿಂಗಂ. ರೇಷ್ಮೆ ಸೀರೆಯ ಕೈಮಗ್ಗದವನು. ತಲೆಮಾರುಗಳಿಂದ ಅಲ್ಲಿಯೇ ನೆಲೆಸಿ, ಮನೆಯಲ್ಲಿ ಮಾತ್ರ ಕನ್ನಡ ಉಳಿಸಿಕೊಂಡ ನೇಕಾರರ ಕುಟುಂಬ. ಎರಡೂ ಕೈಯಿಂದ ಫೋನನ್ನು ಹಿಡಿದು, ದೇವಸ್ಥಾನದಲ್ಲಿ ಕೊಡುವವರ ಹಾಗೆ ಪ್ರಭುವಿನ ಕೈಗೆ ಕೊಟ್ಟ. ಆಗ ಅವನ ಮಗಳು ಭುವನಾ ಏಳನೆಯ ತರಗತಿಯ ಸಾಲಿನಿಂದ ಹೊರಗೆ ಬಂದಳು. ಮೊದಲು ನಡೆದಳು, ಆಮೇಲೆ ಓಡಿದಳು. ಮೇಜಿನ ಬಟ್ಟೆಯನ್ನು ಹಿಡಿದೆಳೆದಾಗ ಎರಡು ಫೋನುಗಳು ಕೆಳಗೆ ಬಿದ್ದವು.

"ಬ್ಯಾಡಪ್ಪಾ! ಅವ್ವ ಅದ್ರೊಳಗವ್ಳೆ! ಅಪ್ಪಾ, ಅವ್ವ ಅದ್ರೊಳಗವ್ಳೆ!"

ಆ ಮನೆಗಳಲ್ಲಿ ಅವ್ವ ಎಂದರೆ ಅಜ್ಜಿ. ಜಗಲಿಯ ಮೇಲಿದ್ದ ನಮ್ಮ ಮೂವರಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಸರೋಜಾ ಟೀಚರ್ ನನ್ನ ಕಡೆ ತಿರುಗಿ, "ಏನು ಸಾರ್, ಪಾಪು ಏನು ಹೇಳುತ್ತಿದೆ?" ಎಂದು ತಮಿಳಿನಲ್ಲಿ ಕೇಳಿದರು. ನಾನು ತಮಿಳಿನಲ್ಲಿ ಉತ್ತರ ಕೊಟ್ಟೆ: "ಫೋನ್ ಬೇಕು ಅನ್ನುತ್ತಿದೆ."

ಪ್ರಭುವಿನ ಬೆರಳು ಪರದೆಯ ಮೇಲೆ ನಿಂತಿತ್ತು. "ಸಾರ್, ಒಂದು ಸಲ ಒಳಗೆ ಏನಿದೆ ಅಂತ ನೋಡಲಾ?"

"ಮಾಡಿ," ಎಂದೆ.

ಪರದೆ ಕಪ್ಪಾಯಿತು. ಭುವನಾಳ ಅಳು ಒಮ್ಮೆಗೇ ನಿಂತಿತು. ನಾನು ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡೆ: ತೀವ್ರ ಪ್ರತಿರೋಧ, ನಂತರ ಶೀಘ್ರ ಶಮನ.

ಈ ಕೆಲಸಕ್ಕೆ ಹೊಸದಾಗಿ ಬರುವ ಎಳೆಯರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಪ್ರಶಂಸಾಪತ್ರಗಳ ವಿಷಯ ಬಿಟ್ಟುಬಿಡುತ್ತೇನೆ. ನಾನು ಹುಟ್ಟಿದ್ದು ತಾಳವಾಡಿಯ ಬೆಟ್ಟದ ಮೇಲೆ. ಓದಿದ್ದು ಕನ್ನಡ ಶಾಲೆಯಲ್ಲಿ. ದುಡಿದದ್ದು ಕೆಳಗೆ, ಕೊಯಮತ್ತೂರು ಮತ್ತು ತಿರುಪ್ಪೂರಿನ ಶಾಲೆಗಳಲ್ಲಿ, ತಮಿಳಿನಲ್ಲಿ. ಮೊದಲು ಮೇಷ್ಟರು, ಆಮೇಲೆ ಮಕ್ಕಳ ಆಪ್ತ ಸಮಾಲೋಚಕ. ಒಂದು ಶಾಲೆಯಲ್ಲಿ ಕೂರುವ ಕೆಲಸವಲ್ಲ. ಕರೆದಲ್ಲಿಗೆ ಬಸ್ಸು ಹತ್ತಿ ಹೋಗುವ ಕೆಲಸ.

ಮೊದಲ ವರ್ಷಗಳಲ್ಲಿ ಜನ ನನ್ನನ್ನು ಕರೆಯುತ್ತಿದ್ದದ್ದು ಪರೀಕ್ಷೆಯ ಭಯಕ್ಕೆ, ಶಾಲೆ ತಪ್ಪಿಸುವುದಕ್ಕೆ, ಒಮ್ಮೊಮ್ಮೆ ಟಿ.ವಿ.ಗೆ. ಆಗ ಕೆಲಸ ನಿಧಾನವಾಗಿತ್ತು. ಒಂದು ಮನೆಗೆ ಹೋದರೆ ಚಹಾ ಬರುವ ತನಕ ಯಾರೂ ವಿಷಯ ಎತ್ತುತ್ತಿರಲಿಲ್ಲ. ಕೊರೊನಾ ಬಂದಾಗ ನಾವೇ ಮನೆಮನೆಗೆ ಹೇಳಿದೆವು, ಫೋನ್ ಕೊಡಿಸಿ, ಪಾಠ ಅದರಲ್ಲೇ ಬರುತ್ತದೆ ಎಂದು. ಶಾಲೆ ತೆರೆದ ಮೇಲೆ ಅದೇ ಮನೆಗಳಿಗೆ ಹೋಗಿ, ಫೋನ್ ಕಿತ್ತುಕೊಳ್ಳಿ ಎಂದೆವು. ಎರಡೂ ಸಲ ಜನ ನಮ್ಮ ಮಾತು ಕೇಳಿದರು.

ಕೇಳಿದ ರೀತಿ ಒಬ್ಬೊಬ್ಬರದು ಒಂದೊಂದು. ಉಡುಮಲೈಪೇಟೆಯ ಹತ್ತಿರ ಒಬ್ಬ ತೆಂಗಿನ ತೋಟದವರು, ಮಗಳ ಪರೀಕ್ಷೆ ಮುಗಿಯುವ ತನಕ ಅವಳ ಕೈಗೆ ಸಿಗಬಾರದೆಂದು, ಮರ ಹತ್ತುವವನ ಕೈಯಲ್ಲಿ ಫೋನನ್ನು ತೆಂಗಿನ ಮರದ ತುದಿಗೆ ಕಟ್ಟಿಸಿದ್ದರು. ಬಂದ್ ಮಾಡುವುದನ್ನು ಮರೆತಿದ್ದರು. ನಾನು ಹೋದಾಗ ಅದು ಮೇಲಿನಿಂದ ರಿಂಗಾಗುತ್ತಿತ್ತು. ಮನೆಯವರೆಲ್ಲ ಕತ್ತೆತ್ತಿಕೊಂಡು ಕೆಳಗೆ ನಿಂತಿದ್ದರು. "ಯಾರದ್ದಿರಬಹುದು ಸಾರ್?" ಎಂದು ಆ ತಂದೆ ನನ್ನನ್ನು ಕೇಳಿದರು. ಮಗಳು ಮೆಟ್ಟಿಲ ಮೇಲೆ ಕೂತು ಪುಸ್ತಕದಿಂದ ಮುಖ ಎತ್ತದೆ, "ಕಾಗೆದು," ಎಂದಳು.

ನಗು ಬರುವ ಪ್ರಸಂಗ. ಆದರೆ ನಾನು ಅದನ್ನು ಕಚೇರಿಯಲ್ಲಿ ಒಳ್ಳೆಯ ಉದಾಹರಣೆಯಾಗಿ ಹೇಳಿದೆ: ಮನೆಯವರು ದೃಢವಾಗಿದ್ದಾರೆ ಎಂದು. ನಮ್ಮ ಮೇಲಧಿಕಾರಿ ಮೇಡಂ ಕೆಲಸದಲ್ಲಿ ಶ್ರದ್ಧೆಯುಳ್ಳವರು, ಕೆಟ್ಟವರಲ್ಲ. ಅವರು ಒಂದು ನಮೂನೆ ಮಾಡಿಸಿದ್ದರು. ಮಗುವಿನ ಹೆಸರು, ತರಗತಿ, ದಿನಕ್ಕೆ ಎಷ್ಟು ಗಂಟೆ ಫೋನು. ನಾಲ್ಕು ಗಂಟೆ ದಾಟಿದರೆ ಕೆಂಪು ಗೆರೆ. ಏನು ನೋಡುತ್ತದೆ ಎಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಜಾಗ ಬೇಕು ಎಂದು ನಾನೂ ಕೇಳಲಿಲ್ಲ. ಭುವನಾಳ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದವನು ನಾನು.

ಆ ಬುಧವಾರದ ನಂತರದ ನಾಲ್ಕನೆಯ ಸೋಮವಾರ ರಾಮಲಿಂಗಂ ಕೊಯಮತ್ತೂರಿಗೆ ಬಂದ. ನಮ್ಮ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚಿತ್ತು. ಅಲ್ಲಿ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಮಗ್ಗ ಬಿಟ್ಟು ವಾರದ ಮೊದಲ ದಿನವೇ ಬಂದಿದ್ದಾನೆಂದರೆ ಸಣ್ಣ ವಿಷಯವಲ್ಲ ಎಂದು ಗೊತ್ತಾಯಿತು.

"ವಣಕ್ಕಂ ಸಾರ್. ಗುರ್ತು ಸಿಕ್ತಾ? ಸಿರುಮುಗೈ. ಭುವನಾ ಅಪ್ಪ."

"ಗುರುತಿದೆ, ಕೂತ್ಕೊಳ್ಳಿ. ಮಗಳು ಹೇಗಿದ್ದಾಳೆ? ಓದ್ತಿದ್ದಾಳಾ?"

"ಓದ್ತಾಳೆ ಸಾರ್. ಉಣ್ತಾಳೆ, ಸ್ಕೂಲಿಗೆ ಹೋಯ್ತಾಳೆ. ಎಲ್ಲಾ ಸರಿ." ಆಮೇಲೆ ಬೆಂಚಿನ ತುದಿಯಲ್ಲಿ ಕೂತ. "ಆದ್ರೆ, ಪಾಪು ನಮ್ ಮಾತು ಆಡಾದೇ ಬಿಟ್ಬುಟ್ಟದೆ ಸಾರ್."

"ಮಾತೇ ಆಡೋದಿಲ್ವಾ?"

"ಆಡ್ತದೆ. ಎಲ್ಲಾ ತಮಿಳು. ನನ್ ತಾವೂ ತಮಿಳು, ಅವರಮ್ಮನ್ ತಾವೂ ತಮಿಳು. ನಾನು ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಬದಲು. ಬಯ್ದೆ. ಸುಮ್ಮೆ ನೋಡ್ತದೆ. ಒಂದ್ ದಪ ಹೊಡ್ದೂಬಿಟ್ಟೆ ಸಾರ್. ತಪ್ಪೇ. ಅದುಕ್ಕೂ ತಮಿಳಲ್ಲೇ ಅತ್ಲು."

ಆಗ ನಾನು ಕೇಳಬೇಕಾಗಿದ್ದನ್ನು ಕೇಳಿದೆ. ನಾಲ್ಕು ವಾರ ತಡವಾಗಿ. ಆ ಫೋನಿನಲ್ಲಿ ಏನಿತ್ತು ಎಂದು.

ಅವನು ಹೇಳಿದ್ದು ಇದು. ಅವನ ತಾಯಿ ರಾಮಕ್ಕ ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಹೋಗಿದ್ದರು. ಭುವನಾಳ ತಾಯಿ ಜಯಮಣಿ ತಿರುಪ್ಪೂರು ಕಡೆಯ ಬನಿಯನ್ ಕಂಪನಿಗೆ ಬೆಳಗಿನ ವ್ಯಾನಿನಲ್ಲಿ ಹೋಗಿ ಸಂಜೆ ಬರುವವಳು. ಹಾಗಾಗಿ ಮಗುವನ್ನು ಬೆಳೆಸಿದವರು ಅಜ್ಜಿಯೇ. ಒಂದು ಸೀರೆಯ ಹಾಸು ಮುಗಿದಾಗ, ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೆಂಗಸರು ಕೂತು ಮಾಡುವ ಕೆಲಸ. ರಾಮಕ್ಕ ಆ ಕೆಲಸದಲ್ಲಿ ಎತ್ತಿದ ಕೈ. ಅವರಿಗೊಂದು ಅಭ್ಯಾಸವಿತ್ತು, ಊರ ಪದ್ಧತಿಯಲ್ಲ, ಅವರೊಬ್ಬರದು. ಒಂದು ಎಳೆಯನ್ನು ಹೊಸೆಯುವಾಗ ವಂಶದಲ್ಲಿ ಹಿಂದೆ ಆಗಿಹೋದ ಒಬ್ಬರ ಹೆಸರು ಹೇಳುವುದು, ಹೆಸರಿನ ಜೊತೆಗೆ ಅವರ ಒಂದು ಗುಣ. ಇದು ಸಿದ್ದಮ್ಮ, ತವರಿಗೆ ಹೋದರೆ ಬೆಕ್ಕನ್ನೂ ಕರೆದುಕೊಂಡು ಹೋಗುವವಳು. ಇದು ಅವಳ ಮೈದುನ, ಮಳೆಯಲ್ಲಿ ನಿಂತು ಮಳೆ ಬರುತ್ತಾ ಎಂದು ಕೇಳಿದವನು. ಹೀಗೆ ನೂರಾರು ಜನ. ಎಲ್ಲರೂ ಮುಗಿದರೆ ಮತ್ತೆ ಮೊದಲಿನಿಂದ. ಅಷ್ಟೂ ಕನ್ನಡದಲ್ಲಿ. ಆ ಮನೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ, ಬರೆದಿಟ್ಟವರೂ ಇಲ್ಲ.

ಪಾಠಕ್ಕೆಂದು ಮನೆಗೆ ಬಂದ ಫೋನಿನಲ್ಲಿ ಭುವನಾ ಅದನ್ನು ವಿಡಿಯೋ ಮಾಡಿ ಹಿಡಿದಿದ್ದಳು. ಅಜ್ಜಿಯ ಬೆರಳು, ಬೂದಿಯ ತಟ್ಟೆ, ಅಜ್ಜಿಯ ದನಿ. ಕಾಯಿಲೆ ಬೀಳುವ ಹಿಂದಿನ ವಾರದ ತನಕ. ದಿನವೂ ಅದನ್ನೇ ನೋಡುತ್ತಿದ್ದಳು. ನಾಲ್ಕು ಗಂಟೆ ಎಂದು ನಾನು ಬರೆದದ್ದು ಅದೇ.

"ನಿಮಗೆ ಗೊತ್ತಿತ್ತಲ್ಲ," ಎಂದೆ. ಆ ಮಾತಿನಲ್ಲಿ ಗದರಿಕೆಯ ಛಾಯೆ ಇತ್ತು. ತಪ್ಪನ್ನು ಅವನ ಕಡೆಗೆ ದಬ್ಬಲು ನೋಡಿದೆ ಎಂದು ಈಗ ಅನ್ನಿಸುತ್ತದೆ. "ಆವತ್ತು ಹೇಳಬಾರದಿತ್ತಾ?"

"ಕೊಂಜ ಗೊತ್ತಿತ್ತು ಸಾರ್. ಅಷ್ಟು ಐತೆ ಅಂತ ಗೊತ್ತಿರ್ನಿಲ್ಲ. ಅಪ್ಪುರ..." ಅಪ್ಪುರ ಎಂದರೆ ಆಮೇಲೆ. ಅವನು ನೆಲ ನೋಡುತ್ತಾ ಹೇಳಿದ. "ಅಳಾದೇ ಕಾಯಿಲೆ ಅಂತ ನೀವೇ ಹೇಳಿದ್ರಲ್ಲ ಸಾರ್. ಅವಳು ಅತ್ಲು. ನಾನು ಕೈ ಹಿಡ್ಕೊಂಡು ನಿಂತೆ."

ಅದೇ ದಿನ ಅವನ ಜೊತೆ ಫೋನ್ ರಿಪೇರಿಯ ಅಂಗಡಿಗಳಿಗೆ ಹೋದೆ. ಉಕ್ಕಡಂ ಬಸ್ ನಿಲ್ದಾಣದ ಹತ್ತಿರ ನನಗೆ ಗುರುತಿನವನೊಬ್ಬ ಇದ್ದ. ಅವನು ಫೋನನ್ನು ಅರ್ಧ ಗಂಟೆ ಇಟ್ಟುಕೊಂಡು, ಮೆಮೊರಿ ಕಾರ್ಡ್ ಇತ್ತಾ, ಬೇರೆ ಯಾರಿಗಾದರೂ ಕಳಿಸಿದ್ದರಾ ಎಂದು ವಿಚಾರಿಸಿದ. ಕಾರ್ಡ್ ಇರಲಿಲ್ಲ. ಯಾರಿಗೂ ಕಳಿಸಿರಲಿಲ್ಲ, ಎಲ್ಲರೂ ಇದ್ದ ಮನೆಯಲ್ಲಿ ಯಾರಿಗೆ ಕಳಿಸುವುದು? "ಸಾರ್, ಇದನ್ನು ಮಾಡಿದವರು ಚೆನ್ನಾಗಿಯೇ ಮಾಡಿದ್ದಾರೆ," ಎಂದ ಅವನು, ಮೆಚ್ಚಿಗೆಯಿಂದ. ಇನ್ನೆರಡು ಕಡೆ ಹೋದೆವು. ಕೊನೆಯ ಅಂಗಡಿಯಿಂದ ಹೊರಗೆ ಬಂದಾಗ ರಾಮಲಿಂಗಂ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ನಿಮಗೆ ಸುಮ್ಮೆ ಅಲೆದಾಟ ಆಯ್ತು ಸಾರ್, ಮನ್ನಿಸ್ಬೇಕು," ಎಂದ. ಅವನೇ ನನ್ನ ಕ್ಷಮೆ ಕೇಳಿದ.

ಮೇಡಂಗೆ ಎಲ್ಲವನ್ನೂ ಹೇಳಿದೆ. ಆ ಜಗಲಿಯ ಮೇಲೆಯೇ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಮನೆಗೆ ಹೋಗಿ ಕೇಳಿಕೊಳ್ಳಿ ಸಾರ್, ಬೇಡ ಅನ್ನುವುದಿಲ್ಲ. ಆದರೆ ಸಭೆಯಲ್ಲಿ ನೀವು ಹಾಗಂದರೆ, ನಾಳೆ ನಿಜವಾಗಿ ಫೋನಿನಿಂದ ಹಾಳಾಗುತ್ತಿರುವ ಮಗುವಿನ ತಂದೆ ನಮ್ಮ ಮಾತು ಕೇಳುತ್ತಾನಾ?" ಅವರ ಭಯ ಸುಳ್ಳಲ್ಲ. ಅಂಥ ಮಕ್ಕಳನ್ನೂ ನಾನು ಕಂಡಿದ್ದೆ. ಜೂಜಿನ ಆಟಕ್ಕೆ ಬಿದ್ದವರನ್ನು, ಅಪರಿಚಿತರ ಬೆದರಿಕೆಗೆ ಹೆದರಿ ಊಟ ಬಿಟ್ಟವರನ್ನು. ಆದರೂ ಸಭೆಗೇ ಹೋದೆ. ನಾನು ಸುಳ್ಳು ಹೇಳಿದ್ದು ಮನೆಯಲ್ಲಲ್ಲ, ಜಗಲಿಯ ಮೇಲೆ.

ಮುಂದಿನ ಶುಕ್ರವಾರದ ಸಭೆ. ಅದೇ ಮೆಟ್ಟಿಲು, ಮಕ್ಕಳ ಸಾಲಿನಲ್ಲಿ ಭುವನಾ. ಬರೆದುಕೊಂಡು ಹೋಗಿದ್ದೆ, ಕಾಗದ ತೆಗೆಯಲಿಲ್ಲ. "ಆವತ್ತು ಈ ಮಗು ಕನ್ನಡದಲ್ಲಿ ಹೇಳಿದ್ದು ನನಗೆ ಅರ್ಥವಾಗಿತ್ತು. ತನ್ನ ಅಜ್ಜಿ ಅದರೊಳಗಿದ್ದಾಳೆ ಎಂದಿತು. ನಾನು ನಿಮಗೆ, ಫೋನ್ ಬೇಕು ಎನ್ನುತ್ತಿದೆ ಎಂದೆ. ಅದು ಸುಳ್ಳು. ಅಳುವೇ ಕಾಯಿಲೆಯ ಗುರುತು ಎಂದು ನಾನು ಹೇಳಿದ್ದೂ ತಪ್ಪು," ಎಂದೆ. ಹಿಂದಿನಿಂದ ಒಬ್ಬ ತಂದೆ, "ಹಾಗಾದರೆ ನನ್ನ ಫೋನನ್ನೂ ಸುಮ್ಮನೆ ಅಳಿಸಿದಿರಾ ಸಾರ್? ಭಾವಮೈದುನನ ಮದುವೆಯ ಫೋಟೋ ಎಲ್ಲ ಹೋಯಿತು!" ಎಂದ. ಅವನ ಹೆಂಡತಿ, "ಹೋದರೆ ಹೋಗಲಿ ಬಿಡಿ, ಅದರಲ್ಲಿ ನೀವು ಕುಣಿದದ್ದೂ ಹೋಯಿತು," ಎಂದಳು. ಜನ ನಕ್ಕರು. ಆ ನಗುವಿಗೆ ನಾನು ಈಗಲೂ ಋಣಿ. ಇಲ್ಲದಿದ್ದರೆ ಮುಂದಿನ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಭುವನಾಳ ಮುಂದೆ ಹೋಗಿ ನಿಂತು ಕನ್ನಡದಲ್ಲಿ ಹೇಳಿದೆ: "ತಪ್ಪಾಯ್ತು ಕಂದಾ. ಅದನ್ನು ವಾಪಸ್ ತರೋಕೆ ನನ್ನ ಕೈಲಿ ಆಗಲಿಲ್ಲ."

ಅವಳು ನನ್ನ ಷರಟಿನ ಗುಂಡಿಯನ್ನು ನೋಡುತ್ತಾ, "ಪರವಾಯಿಲ್ಲೆ ಸಾರ್," ಎಂದಳು. ತಮಿಳಿನಲ್ಲಿ. ಬಸ್ಸಿನಲ್ಲಿ ದೊಡ್ಡವರು ಕಾಲು ತುಳಿದಾಗ ಮಗು ಹೇಳುವ ಹಾಗೆ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಬದಲಾಯಿತು ಎಂದರೆ ಹಳೆಯ ನಿಧಾನಕ್ಕೆ ವಾಪಸಾಯಿತು. ಗಂಟೆಯ ಲೆಕ್ಕವನ್ನು ಕೊನೆಗೆ ಕೇಳುತ್ತಿದ್ದೆ. ಮೊದಲು ಮಗುವಿನ ಪಕ್ಕದಲ್ಲಿ, ಎದುರಿಗಲ್ಲ, ಪಕ್ಕದಲ್ಲಿ ಕೂತು, "ನಿನಗೆ ಇಷ್ಟವಾದದ್ದು ತೋರಿಸು," ಎನ್ನುತ್ತಿದ್ದೆ. ತೋರಿಸಲು ಒಪ್ಪದಿದ್ದರೆ ಒತ್ತಾಯವಿಲ್ಲ. ಇನ್ನೊಂದು ದಿನ ಹೋಗುವುದು. ಶಾಲೆಗಳಿಗೂ ಅದನ್ನೇ ಹೇಳಿದೆ: ಫೋನ್ ಕಿತ್ತುಕೊಳ್ಳುವ ಮೊದಲು ಮೇಷ್ಟರು ಒಮ್ಮೆ ಪಕ್ಕದಲ್ಲಿ ಕೂರಲಿ. ಸರೋಜಾ ಟೀಚರ್ ಮೊದಲು ಒಪ್ಪಿದವರು. ಅವರ ಶಾಲೆಯಲ್ಲಿ ಶುಕ್ರವಾರ ಕೊನೆಯ ಪಿರಿಯಡ್ಡು ಮಕ್ಕಳು ಮನೆಯಲ್ಲಿ ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳುವ ಪಿರಿಯಡ್ಡಾಯಿತು. ನೋಡಿದ್ದನ್ನು ಹೇಳಬೇಕು ಎಂದು ಗೊತ್ತಿದ್ದರೆ ಮಕ್ಕಳು ನೋಡುವುದೇ ಬೇರೆಯಾಗುತ್ತದೆ. ಅದನ್ನು ನನಗೆ ಕಲಿಸಿದವರು ಅವರು.

ಕೊಯಮತ್ತೂರಿನ ಸರವಣಂಪಟ್ಟಿಯಲ್ಲಿ ಮೈಸೂರಿನಿಂದ ಹೊಸದಾಗಿ ಬಂದ ಎಂಜಿನಿಯರೊಬ್ಬರು ಮನೆಗೆ ಕರೆದರು. ಒಂಬತ್ತು ವರ್ಷದ ಮಗಳು ದಿನಕ್ಕೆ ಎಷ್ಟು ನಿಮಿಷ, ಯಾವ ಹೊತ್ತು, ಎಲ್ಲವನ್ನೂ ಬಣ್ಣದ ನಕ್ಷೆ ಮಾಡಿಟ್ಟಿದ್ದರು. "ಸರ್, ನೋಡಿ, ಶನಿವಾರ ಹೇಗೆ ಏರುತ್ತೆ!" ನಾನು ಮಗುವಿನ ಪಕ್ಕದಲ್ಲಿ ಕೂತು ತೋರಿಸು ಎಂದೆ. ಶನಿವಾರ ಅವಳು ನೋಡುತ್ತಿದ್ದದ್ದು ಮೈಸೂರಿನ ಅವರ ಹಳೆಯ ಬೀದಿಯನ್ನು. ನಕ್ಷೆಯ ಆ್ಯಪಿನಲ್ಲಿ ಬೀದಿಯೊಳಗೆ ನಡೆದುಕೊಂಡು ಹೋಗಬಹುದಲ್ಲ, ಹಾಗೆ. "ಇದು ಶ್ರಾವಣಿ ಮನೆ. ಶನಿವಾರ ನಾವಿಬ್ರೂ ಇಲ್ಲಿ ಸೈಕಲ್ ಹೊಡೀತಿದ್ವಿ." ಎಂಜಿನಿಯರ್ ಲ್ಯಾಪ್‌ಟಾಪು ಮುಚ್ಚಿದರು. "ಪುಟ್ಟಿ, ನೀನು ನನಗೆ ಹೇಳೇ ಇಲ್ವಲ್ಲ," ಎಂದರು. "ನೀನು ಎಷ್ಟು ಹೊತ್ತು ಅಂತ ಮಾತ್ರ ಕೇಳ್ತೀಯ ಅಪ್ಪ," ಎಂದಳು ಅವಳು.

ಎಲ್ಲ ಮಕ್ಕಳ ಫೋನಿನಲ್ಲೂ ಅಜ್ಜಿಯೋ ಹಳೆಯ ಬೀದಿಯೋ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಇರುವುದು ಹೊತ್ತು ತಿನ್ನುವ ಕಸ. ಆಗಲೂ ಕೂತು ನೋಡಬೇಕು. ಜೊತೆಗೆ ಕೂತು ನೋಡಿದವನು ಸಾಕು ಎಂದರೆ ಮಗು ಕೇಳುತ್ತದೆ, ಕೂರದವನು ಹೇಳಿದರೆ ಬಚ್ಚಿಟ್ಟುಕೊಳ್ಳುತ್ತದೆ. ಮತ್ತೆ, ಮಗು ಅತ್ತರೆ ಯಾಕೆ ಎಂದು ಕೇಳಿ. ಇಷ್ಟೇ ನನಗೆ ತಿಳಿದದ್ದು.

ನಾನು ನಿವೃತ್ತನಾಗುವ ತಿಂಗಳು ಒಂದು ಭಾನುವಾರ ಸಿರುಮುಗೈಗೆ ಹೋದೆ. ಕಚೇರಿಯ ಕೆಲಸವಲ್ಲ. ಪ್ರಭುವೂ ಬರುತ್ತೇನೆಂದ; ಆ ಬುಧವಾರ ತಾನು ಒಂದು ಸಲ ಒಳಗೆ ನೋಡಿಬಿಡಬೇಕಿತ್ತು ಎಂದು ಅವನು ನನಗೆ ಹಲವು ಸಲ ಹೇಳಿದ್ದ. ನಾವು ಹೋದಾಗ ರಾಮಲಿಂಗಂ ಮನೆಯಲ್ಲಿ ಹೊಸ ಹಾಸು ಕೂಡಿಸುವ ಕೆಲಸ ನಡೆದಿತ್ತು. ಬೆಳಿಗ್ಗೆ ಒಂಬತ್ತೂವರೆ. ಮಗ್ಗದ ಬಳಿ ಪಕ್ಕದ ಮನೆಯ ಕೆಂಪಮ್ಮ, ರಾಮಕ್ಕನ ಜೊತೆ ನಲವತ್ತು ವರ್ಷ ಕೂತು ಎಳೆ ಹೊಸೆದವರು. ಅವರ ಪಕ್ಕದಲ್ಲಿ ಭುವನಾ, ಮಡಿಲಲ್ಲಿ ಬೂದಿಯ ತಟ್ಟೆ. ರಜೆಯಾದ್ದರಿಂದ ಜಯಮಣಿಯೂ ಇದ್ದಳು. ನಾವು ಬಾಗಿಲಲ್ಲೇ ನಿಂತೆವು. ಹೊಸ ಹಾಸಿನ ಹತ್ತಿರ ಚಪ್ಪಲಿಯ ಧೂಳು ಬರಬಾರದು.

ಹುಡುಗಿ ಇನ್ನೂ ತಮಿಳಿನಲ್ಲೇ ಇದ್ದಳು. ಹತ್ತು ತಿಂಗಳು. ರಾಮಲಿಂಗಂ ಬಾಗಿಲಿಗೆ ಬಂದು ಮೆಲ್ಲಗೆ, "ಅಂಗೇ ಸಾರ್. ಬದ್ಲಾಗ್ನಿಲ್ಲ," ಎಂದ.

ಕೆಂಪಮ್ಮ ನಮ್ಮನ್ನು ನೋಡಿದರೋ ಇಲ್ಲವೋ ತಿಳಿಯದು. ಹೊಸೆಯುತ್ತಾ ಹೊಸೆಯುತ್ತಾ ರಾಮಕ್ಕನ ಧಾಟಿಯಲ್ಲಿ ಶುರುಮಾಡಿದರು. ಮಗುವಿಗೆ ಸಮಾಧಾನವಾಗಲಿ ಎಂದಿರಬೇಕು.

"ಇದು ಸಿದ್ದಮ್ಮ, ಬೆಕ್ಕ ಕಟ್ಕೊಂಡು ತವರಿಗೆ ಹೋದೋಳು. ಇದು ದೊಡ್ ಚೌಡಕ್ಕ, ಜಾತ್ರೇಲಿ ಕಿವಿ ಹರ್ಕೊಂಡೋಳು. ಇದು..."

"ಅಲ್ಲ."

ಕೆಂಪಮ್ಮ ಬೆರಳು ನಿಲ್ಲಿಸದೆ, "ಏನು ಅಲ್ಲ?" ಎಂದರು.

"ಕಿವಿ ಹರ್ಕೊಂಡೋಳು ಚಿಕ್ ಚೌಡಕ್ಕ." ಕನ್ನಡ. ಮುಖ ಕೆಂಪಾಗಿತ್ತು, ಸಿಟ್ಟಿನಿಂದ. "ದೊಡ್ ಚೌಡಕ್ಕ ಸಾರಿಗೆ ಉಪ್ಪೇ ಹಾಕ್ದೋಳಲ್ಲ. ಅವ್ವ ಹಂಗೆ ಹೇಳಾದಿಲ್ಲ."

"ಅಯ್ಯೋ ಸಾಮಿ! ನಂಗೇ ಹೇಳ್ಕೊಡಕ್ಕೆ ಬಂದ್ಲು ನೋಡು. ನಾನು ಅವಳ ಸಾರು ಉಂಡೋಳು ಕಣೆ!"

"ಉಂಡಿದ್ರೆ ಉಪ್ಪಿರ್ನಿಲ್ಲ ಅಂತ ಗೊತ್ತಿರ್ಬೇಕು."

ಜಯಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ನಾನು ಹೇಳಲಾರೆ. ರಾಮಲಿಂಗಂ ಅಲುಗಾಡಲಿಲ್ಲ. ಕೆಂಪಮ್ಮ, "ಹಂಗಾರೆ ನೀನೇ ಹೇಳು ದೊಡ್ಡ ಮನುಸಿ," ಎಂದು ತಮ್ಮ ಕೈಯ ಎಳೆಗಳನ್ನು ಅವಳ ಕೈಗೆ ದಾಟಿಸಿದರು.

ಭುವನಾ ಹೇಳಿದಳು. ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದು ಎಳೆಗೆ ಒಂದು ಹೆಸರು. ಚಿಕ್ ಚೌಡಕ್ಕ. ಅವಳ ಗಂಡ ಮರಿಯಪ್ಪ, ಸಂತೆಯಲ್ಲಿ ಹೆಂಡತಿಯನ್ನು ಬಿಟ್ಟು ಬೇರೆಯವರ ಎಮ್ಮೆ ಹಿಡಿದುಕೊಂಡು ಬಂದವನು. ಹೊಳೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನಿಂಗಮ್ಮ. ಮೂರು ಮಗ್ಗಕ್ಕೂ ಮೂರು ಹೆಸರಿಟ್ಟು ಬಯ್ಯುತ್ತಿದ್ದ ಬಸವಣ್ಣ. ನಾನು ಮನಸ್ಸಿನಲ್ಲೇ ಹೆಸರುಗಳನ್ನು ಎಣಿಸಿದೆ: ಹತ್ತೊಂಬತ್ತು. ಇಪ್ಪತ್ತನೆಯದಕ್ಕೆ ಅವಳ ಕೈ ನಿಂತಿತು. ಎರಡು ತುದಿಗಳು ಬೆರಳ ನಡುವೆ ಹಾಗೆಯೇ ಇದ್ದವು.

"ಅಪ್ಪುರ..." ಎಂದಳು. "ಇಲ್ಲಿ ಅವ್ವ ಕೆಮ್ತದೆ. ಕೆಮ್ಮಿ, ನೀರು ಕೊಡು ಅಂತದೆ. ಅಪ್ಪುರ ಒಬ್ರ ಹೆಸರು ಬತ್ತದೆ."

ತಂದೆಯ ಕಡೆ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಕೆಂಪಮ್ಮನ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಒಂದೆರಡು ಹೆಸರು ಹೇಳಿ ನೋಡಿದರು. ಅಲ್ಲ, ಅಲ್ಲ, ಎಂದಳು ಭುವನಾ. ಆಮೇಲೆ ಬಾಗಿಲ ಕಡೆ ನೋಡಿದಳು. ನಾನು ಅಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು.

"ಆ ಹೆಸರು ಇನ್ನು ಸಿಕ್ಕಾದಿಲ್ಲ, ಅಲ್ವಾ ಸಾರ್?"

"ಸಿಕ್ಕಲ್ಲ ಕಂದಾ," ಎಂದೆ.

ಅವಳು ತಲೆಯಾಡಿಸಿದಳು. ಆ ಎಳೆಯನ್ನು ಹೆಸರಿಲ್ಲದೆಯೇ ಹೊಸೆದಳು, ಗಟ್ಟಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದಳು. ಆಮೇಲೆ ಮುಂದಿನದನ್ನು ಎತ್ತಿಕೊಂಡಳು.

ಇದನ್ನು ಕಂಡವರು ನಾನಲ್ಲದೆ ಐದು ಜನ. ಕೆಂಪಮ್ಮ ತೀರಿಕೊಂಡರು. ರಾಮಲಿಂಗಂ ಇದ್ದಾನೆ, ಅದೇ ಮಗ್ಗದಲ್ಲಿ. ಜಯಮಣಿ ಇದ್ದಾಳೆ. ಪ್ರಭು ಇದ್ದಾನೆ, ಈಗ ಬೇರೆ ಶಾಲೆಯಲ್ಲಿ. ಭುವನಾ ಇದ್ದಾಳೆ, ಹತ್ತನೆಯ ತರಗತಿಯಲ್ಲಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳು ತಿದ್ದುತ್ತಾಳೆ.